ಅಗ್ನಿಗೂ ಅಜೀರ್ಣವಾದ ನಾಡಿನಲ್ಲಿ

ಬೆಂಕಿ, ನೀರು, ಗಾಳಿ, ಮಣ್ಣನ್ನು ಪಳಗಿಸುವ ಮಾಂತ್ರಿಕರ ಕಾದಂಬರಿಗಳನ್ನು ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಿದ್ದಾರೆ. ಅಂಥದ್ದು ಕನ್ನಡದಲ್ಲಿ ಎಲ್ಲಿ ಹುಟ್ಟಬೇಕು ಎಂದು ಕೇಳಿದರೆ ನಾನು ಕುಂದಾಪುರ ಸೀಮೆಯ ಗುಲ್ವಾಡಿಯತ್ತ ಕೈ ತೋರಿಸುತ್ತೇನೆ.

ವಿಚಿತ್ರವೆನಿಸಬಹುದು. ಈ ಊರಿನ ಹೆಸರು ಹೊತ್ತ ಗುಲ್ವಾಡಿ ವೆಂಕಟರಾಯರು 1899ರಲ್ಲಿ ಬರೆದ ‘ಇಂದಿರಾಬಾಯಿ’ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಅದರಲ್ಲಿ ಮಾಯೆ, ಮಂತ್ರ ಯಾವುದೂ ಇಲ್ಲ. ಬಾಲವಿಧವೆಯೊಬ್ಬಳು ಮನೆ ಬಿಟ್ಟು ಹೊರಬಂದು, ಓದಿ, ಮರುಮದುವೆಯಾಗುತ್ತಾಳೆ. ಆದರೆ ಮಾಂತ್ರಿಕ ಕಥೆಗೆ ಮೊದಲು ಬೇಕಾದದ್ದೇ ಇದು: ತನ್ನ ನಿರ್ಧಾರಕ್ಕೆ ಬೆಲೆ ತೆರುವ ಮನುಷ್ಯಜೀವ.

ಕೋಟದ ಶಿವರಾಮ ಕಾರಂತರು ಅಂಥದೇ ಇನ್ನೊಬ್ಬ ಬಾಲವಿಧವೆಯ ಬದುಕಿಗೆ ಶಕ್ತಿಯೊಂದನ್ನು ಸೇರಿಸಿದರು. ‘ಮೂಕಜ್ಜಿಯ ಕನಸುಗಳು’ ಬಂದದ್ದು 1968ರಲ್ಲಿ. ವಸ್ತುವೊಂದನ್ನು ಮುಟ್ಟಿದರೆ ಮೂಕಜ್ಜಿಗೆ ಅದರ ಹಿಂದಿನ ಕಾಲ ಕಾಣುತ್ತದೆ. ಅದೇ ವರ್ಷ ಅಮೆರಿಕದಲ್ಲಿ ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಹೊರಬಂತು. ಅಲ್ಲಿ ಗಾಳಿ ಮಳೆಯನ್ನು ಆಳುವ ಹುಡುಗ ಗೆಡ್, ಅಹಂಕಾರದಿಂದ ತಾನೇ ಹೊರಬಿಟ್ಟ ನೆರಳಿಗೆ ಹೆದರಿ ಓಡುತ್ತಾನೆ. ಅಜ್ಜಿ, ಹುಡುಗ ಇಬ್ಬರೂ ನೆನಪಿನಲ್ಲಿ ಉಳಿಯುವುದು ಶಕ್ತಿಯಿಂದಲ್ಲ, ಸ್ವಭಾವದಿಂದ.

ಪಂಚಭೂತಗಳಿಗೂ ಸ್ವಭಾವ ಕೊಡುವುದು ನಮಗೆ ಹೊಸದಲ್ಲ. ಮಹಾಭಾರತದಲ್ಲಿ ಅಗ್ನಿ ಖಾಂಡವವನವನ್ನು ಬೇಡುವುದು ಏಕೆ? ಶ್ವೇತಕಿ ರಾಜನ ಯಜ್ಞಗಳಲ್ಲಿ ತುಪ್ಪ ಕುಡಿದು ಕುಡಿದು ಅವನಿಗೆ ಅಜೀರ್ಣವಾಗಿದೆ! ಆ ಕಾಡಿನಲ್ಲಿ ನೆಲೆಸಿದ ಗೆಳೆಯ ತಕ್ಷಕನಿಗಾಗಿ ಇಂದ್ರ ಮಳೆ ಸುರಿಸುತ್ತಾನೆ, ಅರ್ಜುನ ಬಾಣಗಳಿಂದ ಅದನ್ನು ತಡೆಯುತ್ತಾನೆ. ಬೆಂಕಿಗೆ ಹೊಟ್ಟೆನೋವು, ಮಳೆಗೆ ಸ್ನೇಹದ ಹಂಗು. ನಡುವೆ ಕಾಡಿನ ಜೀವಗಳು ಬೇಯುತ್ತವೆ. ಯಾರ ಪಕ್ಷ ವಹಿಸುವುದೆಂದು ಓದುಗನಿಗೆ ತಿಳಿಯದು. ಇದಕ್ಕಿಂತ ಗಟ್ಟಿಯಾದ ಕಾದಂಬರಿಯ ಬೀಜ ಎಲ್ಲಿದೆ?

ಇಲ್ಲಿನ ಬಡಗುತಿಟ್ಟು ಯಕ್ಷಗಾನದ ಆಟದಲ್ಲಿ ಆಗ್ನೇಯಾಸ್ತ್ರ, ವಾರುಣಾಸ್ತ್ರಗಳು ಎದುರುಬದುರಾಗುವಾಗಲೂ ಹಾಗೆಯೇ. ಚೆಂಡೆಯ ಪೆಟ್ಟು ರೋಮಾಂಚನಗೊಳಿಸುತ್ತದೆ, ನಿಜ. ಅಸ್ತ್ರ ಹೂಡುವವನ ಮನಸ್ಸನ್ನು ಬಿಡಿಸಿಡುವುದು ಮಾತ್ರ ಪಾತ್ರಧಾರಿಯ ಅರ್ಥಗಾರಿಕೆ.

ಇನ್ನು ನೆಲ. ಐದು ನದಿಗಳು ಕಡಲು ಸೇರುವ ಪಂಚಗಂಗಾವಳಿ ಇಲ್ಲಿದೆ. ಕಮಲಶಿಲೆಯಲ್ಲಿ ಮಳೆಗಾಲದ ನೆರೆಗೆ ಕುಬ್ಜಾ ನದಿ ಬ್ರಾಹ್ಮೀ ದುರ್ಗಾಪರಮೇಶ್ವರಿಯ ಗರ್ಭಗುಡಿಯೊಳಗೇ ನುಗ್ಗುತ್ತದೆ. ಭಕ್ತರು ಅದನ್ನು ಅನಾಹುತ ಎನ್ನುವುದಿಲ್ಲ, ದೇವಿಗೆ ನದಿ ಮಾಡಿಸುವ ಸ್ನಾನ ಎನ್ನುತ್ತಾರೆ.

ಈ ಸೀಮೆಯ ಎಳೆಯ ಬರಹಗಾರರೇ, ಪರದೇಶದ ಡ್ರ್ಯಾಗನ್, ಕೋಟೆಗಳನ್ನು ಎರವಲು ತರಬೇಡಿ. ‘ಇಂದಿರಾಬಾಯಿ’ಯನ್ನೂ ‘ಮೂಕಜ್ಜಿ’ಯನ್ನೂ ಒಟ್ಟಿಗೆ ಓದಿ, ಕುಂದಾಪ್ರ ಕನ್ನಡದಲ್ಲೇ ಮಾತಾಡುವ ಮಾಂತ್ರಿಕರನ್ನು ಬರೆಯಿರಿ.