ಚಿಲಿಕಾ: ಬಾಯಿ ಮುಚ್ಚಿ ತೆರೆದ ಸರೋವರ

ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಅನೇಕರಿಗೆ 'ಅಳಿವೆ' ಎಂಬ ಮಾತು ಹೊಸದಲ್ಲ. ನದಿ ಕಡಲು ಸೇರುವ ಆ ಬಾಯಿಯಲ್ಲಿ ಮರಳು ತುಂಬಿಕೊಂಡರೆ ಮೀನುಗಾರರ ಪಾಡೇನು ಎಂಬುದನ್ನು ನಾವು ಬಲ್ಲೆವು. ಒಡಿಶಾದ ಚಿಲಿಕಾ ಸರೋವರದ ಕಥೆಯೂ ಇಂತಹ ಒಂದು ಬಾಯಿಯದೇ.

ಪುರಿ, ಖುರ್ದಾ, ಗಂಜಾಂ ಜಿಲ್ಲೆಗಳಲ್ಲಿ ಹರಡಿರುವ ಈ ಲಗೂನ್ ಸುಮಾರು 64 ಕಿ.ಮೀ. ಉದ್ದವಿದೆ. ಬೇಸಿಗೆಯಲ್ಲಿ ಸುಮಾರು 900 ಚದರ ಕಿ.ಮೀ. ಇರುವ ನೀರು ಮಳೆಗಾಲದಲ್ಲಿ 1,100ನ್ನೂ ಮೀರುತ್ತದೆ. ಹಾಗೆಂದು ಆಳವೇನೂ ಇಲ್ಲ. ಹೆಚ್ಚಿನ ಕಡೆ ಎರಡು ಮೂರು ಮೀಟರ್ ಅಷ್ಟೇ. ಬಂಗಾಳ ಕೊಲ್ಲಿಗೂ ಇದಕ್ಕೂ ನಡುವೆ ಒಂದು ಮರಳ ದಿಬ್ಬ ಮಾತ್ರ. ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮುಂತಾದವು ಉತ್ತರದಿಂದ ಸಿಹಿನೀರನ್ನು, ಜೊತೆಗೆ ಹೂಳನ್ನೂ ತರುತ್ತವೆ. ಕಡಲು ಉಪ್ಪುನೀರನ್ನು ಕೊಡುತ್ತದೆ. ಈ ಬೆರಕೆಯಲ್ಲೇ ಚಿಲಿಕಾದ ಜೀವವಿದೆ. ಸೀಗಡಿ ಮರಿಗಳು ಕಡಲಿನಿಂದ ಒಳಬಂದು ಇಲ್ಲಿ ಬೆಳೆಯುತ್ತವೆ. ಬೆಳೆದ ಏಡಿಗಳು ಮೊಟ್ಟೆಯಿಡಲು ಕಡಲಿಗೆ ಹೋಗುತ್ತವೆ. ಬಾಗಿಲು ಮುಚ್ಚಿದರೆ ಎರಡೂ ನಿಂತಂತೆ.

ಆದದ್ದೂ ಅದೇ. ಅಲೆಗಳು ತಳ್ಳಿದ ಮರಳಿನಿಂದ ಅಳಿವೆ ವರುಷ ವರುಷವೂ ಈಶಾನ್ಯಕ್ಕೆ ಸರಿಯಿತು, ಕಿರಿದಾಯಿತು. ಉಪ್ಪು ಇಳಿಯಿತು, ಸಿಹಿನೀರಿನ ಕಳೆ ಹಬ್ಬಿತು. 1995-96ರಲ್ಲಿ ಮೀನಿನ ಹಿಡುವಳಿ ಸುಮಾರು 1,300 ಟನ್ನಿಗೆ ಕುಸಿಯಿತು. 1981ರಲ್ಲಿ ಭಾರತದ ಮೊದಲ ರಾಮ್ಸರ್ ತಾಣಗಳಲ್ಲಿ ಒಂದೆನಿಸಿದ ಚಿಲಿಕಾ 1993ರಲ್ಲಿ ಅಪಾಯದ ಪಟ್ಟಿಗೆ ಸೇರಿತು. ಇದರ ಮೇಲೆ ಸೀಗಡಿ ಕೃಷಿಗೆಂದು ಹಣವಂತರು ಹಾಕಿದ 'ಘೇರಿ' ಬೇಲಿಗಳು! ಇದ್ದ ಮೀನಿಗೂ ಬಡವನಿಗೆ ದಾರಿಯಿಲ್ಲ. 1999ರ ಮೇ ತಿಂಗಳಲ್ಲಿ ಸೋರನ ಗ್ರಾಮದಲ್ಲಿ ಪೊಲೀಸರ ಗುಂಡಿಗೆ ನಾಲ್ವರು ಬಲಿಯಾದರು. ಚಿಲಿಕಾವನ್ನು ಕೇವಲ ಹಕ್ಕಿಗಳ ಸ್ವರ್ಗವೆಂದು ವರ್ಣಿಸುವವರು ಈ ಮಾತನ್ನು ಮರೆಯಬಾರದು ಎಂದು ನಮಗನ್ನಿಸುತ್ತದೆ.

2000ದ ಸೆಪ್ಟೆಂಬರಿನಲ್ಲಿ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರವು ಸಿಪಕುಡ ಬಳಿ ಮರಳ ದಿಬ್ಬವನ್ನು ಕಡಿದು ಹೊಸ ಬಾಯಿ ತೆರೆಯಿತು. ಕಡಲಿನ ದಾರಿ 18 ಕಿ.ಮೀ.ಯಷ್ಟು ಹತ್ತಿರವಾಯಿತು. ಒಂದೆರಡು ವರುಷದಲ್ಲೇ ಹಿಡುವಳಿ ಸುಮಾರು 12,000 ಟನ್ ಮುಟ್ಟಿತು. 2002ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ಹೊರಬಂತು. ಮೊಂಡು ಮೂತಿಯ ಇರವಾಡಿ ಡಾಲ್ಫಿನ್‌ಗಳು ಇಂದಿಗೂ ಇಲ್ಲಿವೆ. ಮಳೆಗಾಲದಲ್ಲಿ ಮುಳುಗಿ ಚಳಿಗಾಲಕ್ಕೆ ಮೇಲೇಳುವ ನಲಬಣ ದ್ವೀಪಕ್ಕೆ ಸೈಬೀರಿಯಾದಂತಹ ದೂರದ ನಾಡುಗಳಿಂದ ಹಕ್ಕಿಗಳು ಬರುತ್ತವೆ.

ಮರಳಂತೂ ಸುಮ್ಮನಿರುವುದಿಲ್ಲ. 2019ರ ಮೇ ತಿಂಗಳಲ್ಲಿ ಫನಿ ಚಂಡಮಾರುತ ದಿಬ್ಬವನ್ನು ಒಡೆದು ತಾನೇ ಹೊಸ ಬಾಯಿಗಳನ್ನು ತೆರೆಯಿತು. ಹಿಂದೆ ಉಪ್ಪು ಸಾಲದೆಂದು ಅತ್ತವರಿಗೆ ಆಗ ಉಪ್ಪು ಹೆಚ್ಚಾದೀತೆಂಬ ಚಿಂತೆ ಹತ್ತಿತು.