ಮರುಭೂಮಿ ಪ್ರದೇಶದಲ್ಲಿ ಹೊರಾಂಗಣ ಕೆಲಸ: ಬಿಸಿಲಿನಿಂದ ರಕ್ಷಣೆಯ ಸಾಧನಗಳ ಆಯ್ಕೆ

(ವಿದೇಶಿ ಉದ್ಯೋಗಕ್ಕಾಗಿ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ)

ಬಜಗೋಳಿ ಹಾಗೂ ಕಾರ್ಕಳ ತಾಲೂಕಿನ ಇತರ ಗ್ರಾಮಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ತೆರಳುವವರಲ್ಲಿ ಕಟ್ಟಡ ನಿರ್ಮಾಣ, ರಸ್ತೆ ಕಾಮಗಾರಿ ಮೊದಲಾದ ಹೊರಾಂಗಣ ಕೆಲಸಕ್ಕೆ ಸೇರುವವರೂ ಇರುತ್ತಾರೆ. ಘಟ್ಟದ ಬುಡದಲ್ಲಿ, ಅಡಿಕೆ ತೋಟದ ನೆರಳಿನಲ್ಲಿ ದುಡಿದ ದೇಹಕ್ಕೆ ಮರಳುಗಾಡಿನ ಬಿಸಿಲು ಹೊಸದು. ಪಾಸ್‌ಪೋರ್ಟ್, ವೀಸಾಗಳ ಸಿದ್ಧತೆಯೊಂದಿಗೆ ಈ ಕೆಳಗಿನ ಅಂಶಗಳನ್ನೂ ಗಮನಿಸಲು ಕೋರಲಾಗಿದೆ.

ನಮ್ಮಲ್ಲಿ ಬಳಕೆಯಲ್ಲಿರುವ ಅಡಿಕೆ ಹಾಳೆಯ ಮುಟ್ಟಾಳೆ ನೆತ್ತಿಯನ್ನು ಚೆನ್ನಾಗಿ ಕಾಯುತ್ತದೆ. ಆದರೆ ಅದಕ್ಕೆ ಅಗಲವಾದ ಅಂಚಿಲ್ಲದ ಕಾರಣ ಕಿವಿ ಮತ್ತು ಕತ್ತಿನ ಹಿಂಭಾಗಕ್ಕೆ ನೆರಳು ದೊರೆಯುವುದಿಲ್ಲ. ಮರಳುಗಾಡಿನಲ್ಲಿ ಸುತ್ತಲೂ ಅಂಚುಳ್ಳ ಟೋಪಿ ಅಥವಾ ಕತ್ತನ್ನು ಮುಚ್ಚುವ ಬಟ್ಟೆ ಅವಶ್ಯ. ಸುರಕ್ಷಾ ಹೆಲ್ಮೆಟ್ ಕಡ್ಡಾಯವಿರುವ ಸ್ಥಳದಲ್ಲಿ ಅದರ ಹಿಂದೆ ಇಳಿಬಿಡುವ ಬಟ್ಟೆಯನ್ನು ಕೇಳಿ ಪಡೆಯತಕ್ಕದ್ದು. ಒಣ ಮರಳು ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳ ಸುಮಾರು ಶೇ. 15ರಷ್ಟನ್ನು ಪ್ರತಿಫಲಿಸುತ್ತದೆ. ಹೀಗಾಗಿ ಟೋಪಿ ಧರಿಸಿದವರ ಮುಖಕ್ಕೂ ಕೆಳಗಿನಿಂದ ಕಿರಣಗಳು ತಾಗುತ್ತವೆ.

ಉಡುಪು ಸಡಿಲವಾಗಿದ್ದು, ತೋಳು ಉದ್ದವಾಗಿದ್ದು, ನೇಯ್ಗೆ ಒತ್ತಾಗಿರಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆಗಿನ ಬೆಳಕು ಧಾರಾಳವಾಗಿ ಕಂಡರೆ ಅದು ಕೆಲಸಕ್ಕೆ ಬಾರದು. ತೆಳುವಾದ ಬಿಳಿ ಬನಿಯನ್ ಬೆವರಿನಲ್ಲಿ ತೊಯ್ದಾಗ ಇನ್ನೂ ಹೆಚ್ಚು ಕಿರಣಗಳನ್ನು ಒಳಬಿಡುತ್ತದೆ.

ಬಟ್ಟೆ ಮುಚ್ಚದ ಭಾಗಗಳಿಗೆ ಮಾತ್ರ ಲೇಪನ ಸಾಕು. ಎಸ್‌ಪಿಎಫ್ 30 ಇರುವ ಲೇಪನವು ಚರ್ಮವನ್ನು ಸುಡುವ ಕಿರಣಗಳ ಸುಮಾರು ಶೇ. 97ರಷ್ಟನ್ನು, ಎಸ್‌ಪಿಎಫ್ 50 ಸುಮಾರು ಶೇ. 98ರಷ್ಟನ್ನು ತಡೆಯುತ್ತದೆ. ಈ ಅಲ್ಪ ವ್ಯತ್ಯಾಸಕ್ಕಾಗಿ ದುಬಾರಿ ಬೆಲೆ ತೆರುವುದಕ್ಕಿಂತ ಪ್ರತಿ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳುವುದು ಮೇಲು. ತಂಪು ಕನ್ನಡಕದ ಮೇಲೆ 'ಯುವಿ 400' ಎಂಬ ನಮೂದು ಇರಬೇಕು. ಆ ಗುಣವಿಲ್ಲದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗಿ ಹಾನಿ ಹೆಚ್ಚುತ್ತದೆ. ಮೈಬಣ್ಣ ಕಪ್ಪಾಗಿದ್ದರೆ ಚರ್ಮಕ್ಕೆ ತಕ್ಕಮಟ್ಟಿನ ರಕ್ಷಣೆ ಉಂಟು, ಕಣ್ಣಿಗೆ ಇಲ್ಲ.

ಈ ಸಾಧನಗಳು ಕಿರಣವನ್ನು ತಡೆಯುತ್ತವೆಯೇ ಹೊರತು ತಾಪವನ್ನಲ್ಲ. ದುಬೈ, ದೋಹಾದಂತಹ ಕಡಲಂಚಿನ ನಗರಗಳ ಸೆಖೆ ನಮ್ಮ ಕರಾವಳಿಯನ್ನು ನೆನಪಿಸುತ್ತದೆ. ಒಳನಾಡಿನಲ್ಲಿ ಮಾತ್ರ ಬೆವರು ಮೈಮೇಲೆ ಕಾಣುವ ಮೊದಲೇ ಆರಿಹೋಗುತ್ತದೆ. ಬೆವರಿಲ್ಲವೆಂದು ನೀರು ಕುಡಿಯದಿರುವುದು ಅಪಾಯಕರ. ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕಾಗುವುದರಿಂದ ಮೊದಲ ದಿನಗಳಲ್ಲಿ ಕೆಲಸದ ಹೊರೆ ಕಡಿಮೆ ಇರಬೇಕು. ಸಂಯುಕ್ತ ಅರಬ್ ಒಕ್ಕೂಟದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3.00ರವರೆಗೆ, ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10.00ರಿಂದ ಮಧ್ಯಾಹ್ನ 3.30ರವರೆಗೆ ಬಯಲು ಬಿಸಿಲಿನ ಕೆಲಸ ನಿಷಿದ್ಧ. ಕೆಲವು ತುರ್ತು ಕಾಮಗಾರಿಗಳಿಗೆ ವಿನಾಯಿತಿ ಇದ್ದರೂ ವಿರಾಮವು ಮಾಲೀಕರ ಔದಾರ್ಯವಲ್ಲ, ಕಾನೂನು ಎಂಬುದನ್ನು ತಿಳಿದಿರಬೇಕು.

ಜೊತೆಗಾರರ ಮಾತು ತೊದಲಿದರೆ, ಗಲಿಬಿಲಿಗೊಂಡರೆ ಅಥವಾ ಪ್ರಜ್ಞೆ ತಪ್ಪಿದರೆ ಅದನ್ನು ಉಷ್ಣಾಘಾತವೆಂದೇ ಭಾವಿಸಿ ತಕ್ಷಣ ನೆರಳಿಗೆ ಒಯ್ದು, ಮೈಗೆ ನೀರು ಸುರಿದು ಗಾಳಿ ಬೀಸತಕ್ಕದ್ದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಆಂಬ್ಯುಲೆನ್ಸ್‌ಗಾಗಿ ಸಂಯುಕ್ತ ಅರಬ್ ಒಕ್ಕೂಟದಲ್ಲಿ 998, ನಮ್ಮ ರಾಜ್ಯದಲ್ಲಿ 108 ಸಂಖ್ಯೆಗೆ ಕರೆ ಮಾಡುವುದು.