ಶುಗರ್ ತಾನಾಗಿಯೇ ಇಳಿದರೆ ಎಚ್ಚರ

ಹದಿನೈದಿಪ್ಪತ್ತು ವರ್ಷಗಳಿಂದ ಮಧುಮೇಹವಿರುವ ತಾಯಿಯ ಶುಗರ್ ಯಾವ ಹೊಸ ಮದ್ದೂ ಇಲ್ಲದೆ ಇಳಿಯತೊಡಗಿದರೆ ಮನೆಮಂದಿ 'ಅಲ್‌ಹಮ್ದುಲಿಲ್ಲಾಹ್' ಎಂದು ನಿಟ್ಟುಸಿರು ಬಿಡುತ್ತಾರೆ. ಪಥ್ಯ ಫಲ ಕೊಟ್ಟಿತು ಎನ್ನುವವರು ಕೆಲವರು, ಯಾರೋ ಹೇಳಿದ ಕಷಾಯದ ಗುಣ ಎನ್ನುವವರು ಇನ್ನು ಕೆಲವರು. ಆದರೆ ವೈದ್ಯರಿಗೆ ಸಂಶಯ ಬರುವುದು ಇಲ್ಲೇ. ದೇಹದಲ್ಲಿ ಕೆಲಸ ಮುಗಿಸಿದ ಇನ್ಸುಲಿನ್‌ನ ಒಂದು ಪಾಲನ್ನು ಒಡೆದು ಹಾಕುವುದು ಮೂತ್ರಪಿಂಡ. ಅದು ಸೋತಾಗ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳದ್ದೂ ಅದೇ ಕಥೆ. ನಿನ್ನೆಯವರೆಗೆ ಸರಿಯಾಗಿದ್ದ ಡೋಸ್ ಇಂದು ಹೆಚ್ಚಾಗಿಬಿಡುತ್ತದೆ.

ಶುಗರ್ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ ಕಾಣಬೇಕು. ವಯಸ್ಸಾದವರಲ್ಲಿ ಹಲವೊಮ್ಮೆ ಅದು ಕಾಣುವುದೇ ಇಲ್ಲ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ಕೂಡಾ ನಡುಕವನ್ನು ಮರೆಮಾಚುತ್ತವೆ. ಕಾಣುವುದು ತೂಕಡಿಕೆ, ತೊದಲು ಮಾತು, ವಿನಾಕಾರಣ ಸಿಟ್ಟು, ಮಗಳ ಹೆಸರನ್ನೇ ತಪ್ಪಿ ಕರೆಯುವುದು. 'ವಯಸ್ಸಾಯಿತಲ್ಲ, ಅರಳುಮರಳು' ಎಂದು ಸುಮ್ಮನಾಗುವ ಬದಲು ಮೊದಲು ಬೆರಳು ಚುಚ್ಚಿ ಶುಗರ್ ನೋಡಿ. ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು. ಶುಗರ್ ಮತ್ತೆ ಮತ್ತೆ ಇಳಿಯುತ್ತಿದ್ದರೆ ವೈದ್ಯರನ್ನು ಕಂಡು ಡೋಸ್ ಬದಲಾಯಿಸಿಕೊಳ್ಳಿ. ಮೆಟ್‌ಫಾರ್ಮಿನ್ ಮಾತ್ರೆ ಶುಗರನ್ನು ಇಷ್ಟು ಇಳಿಸದಿದ್ದರೂ ಮೂತ್ರಪಿಂಡದ ಶಕ್ತಿ ತೀರಾ ಕುಂದಿದಾಗ ಅದನ್ನೂ ನಿಲ್ಲಿಸಬೇಕಾಗುತ್ತದೆ.

ಆ ಶಕ್ತಿ ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ? ಲ್ಯಾಬ್ ಚೀಟಿಯಲ್ಲಿ ಕ್ರಿಯಾಟಿನಿನ್ 1.3 ಎಂದಿದ್ದರೆ 'ಸ್ವಲ್ಪವೇ ಜಾಸ್ತಿ' ಎಂದು ಮಡಚಿ ಇಡುತ್ತೇವೆ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವಂಥದ್ದು. ಬಡಕಲು ಮೈಯ ವೃದ್ಧೆಯಲ್ಲಿ ಅದು ಹೆಚ್ಚು ಏರುವುದೇ ಇಲ್ಲ. 75 ವರ್ಷದ ಹೆಂಗಸಿಗೆ 1.3 ಎಂದರೆ ಇ.ಜಿ.ಎಫ್.ಆರ್. ಲೆಕ್ಕದಲ್ಲಿ ಸುಮಾರು 43. ಯೌವನದಲ್ಲಿ 90ಕ್ಕೂ ಮೇಲಿರುವ ಅಂಕೆ ಇದು. 15ಕ್ಕಿಂತ ಕೆಳಗಿಳಿದರೆ ಮೂತ್ರಪಿಂಡ ವೈಫಲ್ಯ ಎನ್ನುತ್ತಾರೆ. ಈ ಅಂಕೆಯನ್ನೂ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ಕೇಳಿ ಪಡೆಯಿರಿ, ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ.

ಇನ್ನು ಊಟದ ವಿಷಯ. ಮಧುಮೇಹಕ್ಕೆಂದು ಕಲಿತ ಪಥ್ಯದ ಎಷ್ಟೋ ಪಾಠಗಳು ಇಲ್ಲಿ ತಲೆಕೆಳಗಾಗುತ್ತವೆ. ಸುಸ್ತು ಎಂದರೆ ಎಳನೀರು ಕೊಡುವುದು ನಮ್ಮ ಕರಾವಳಿಯ ರೂಢಿ. ಆದರೆ ಎಳನೀರು, ಬಾಳೆಹಣ್ಣು, ಕಿತ್ತಳೆ, ಖರ್ಜೂರಗಳಲ್ಲಿ ಪೊಟ್ಯಾಸಿಯಂ ಹೇರಳ. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು, ರಕ್ತದಲ್ಲಿ ತೀರಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹಾಗೆಂದು ಎಲ್ಲ ಹಣ್ಣನ್ನೂ ಬಿಡಿಸಿ ಬರೀ ಗಂಜಿ ಕೊಡುವುದೂ ತಪ್ಪೇ. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೆ ಮಾತ್ರ ಕಟ್ಟುನಿಟ್ಟು ಬೇಕು. ಆಗ ಬಟಾಟೆ, ಸೊಪ್ಪು, ತರಕಾರಿಗಳನ್ನು ಹೆಚ್ಚಿ ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರು ಬಸಿದು ಬಿಡಿ. ಉಪ್ಪಿನಕಾಯಿ, ಒಣಮೀನು, ಹಪ್ಪಳ ದೂರವಿರಲಿ. ಅಂಗಡಿಯಲ್ಲಿ 'ಸೋಡಿಯಂ ಕಡಿಮೆ' ಎಂದು ಮಾರುವ ಉಪ್ಪನ್ನು ಮಾತ್ರ ಇವರಿಗೆ ತರಲೇಬೇಡಿ, ಅದರಲ್ಲಿ ಸೋಡಿಯಂ ಬದಲಿಗೆ ಹಾಕಿರುವುದು ಪೊಟ್ಯಾಸಿಯಂ. ದಾರೆಹುಳಿ ಹಣ್ಣು ಮೂತ್ರಪಿಂಡ ಸೋತವರಿಗೆ ನೇರ ವಿಷ, ಮಿದುಳನ್ನೇ ಬಾಧಿಸುತ್ತದೆ. ಕೊಲೆಸ್ಟರಾಲ್‌ಗೆ ಒಳ್ಳೆಯದೆಂದು ಬಿಂಬುಳಿಯ ರಸ ಕುಡಿದು ಚೆನ್ನಾಗಿದ್ದವರ ಮೂತ್ರಪಿಂಡವೇ ಕೆಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ.

ಮಾಂಸ, ಮೀನು, ಮೊಟ್ಟೆಯ ಮಾತೂ ಇದೆ. ಡಯಾಲಿಸಿಸ್‌ಗೆ ಮೊದಲು ಪ್ರೋಟೀನ್ ಮಿತವಾಗಿರಬೇಕು, ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಆಸುಪಾಸು. ಡಯಾಲಿಸಿಸ್ ಶುರುವಾದ ಮೇಲೆ ಅದು 1ರಿಂದ 1.2 ಗ್ರಾಂಗೆ ಏರಬೇಕು. ಹಳೆಯ ಪಥ್ಯವನ್ನೇ ಮುಂದುವರಿಸಿದರೆ ರೋಗಿ ಸೊರಗುತ್ತಾರೆ.

ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ಕೇಳಿ ತರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳು ಉಳಿದ ಶಕ್ತಿಯನ್ನೂ ನುಂಗುತ್ತವೆ. ಮನೆಗೆ ಬಂದ ನೆಂಟರು ಪ್ರೀತಿಯಿಂದ ಕೊಟ್ಟು ಹೋಗುವ ಮಾತ್ರೆಗಳ ಮೇಲೂ ಕಣ್ಣಿರಲಿ.

ರಮಝಾನ್ ಬಂದರೆ ಹೊಸ ಸಂಕಟ. 'ಏಳನೇ ವಯಸ್ಸಿನಿಂದ ಒಂದು ಉಪವಾಸವನ್ನೂ ಬಿಟ್ಟವಳಲ್ಲ' ಎಂದು ತಾಯಿ ಹಟ ಹಿಡಿಯುತ್ತಾರೆ. ಮಧುಮೇಹದ ಜೊತೆ ಮೂತ್ರಪಿಂಡವೂ ತೀರಾ ಸೋತವರಿಗೆ ಹಗಲಿಡೀ ನೀರಿಲ್ಲದಿರುವುದು ಅಪಾಯ ಎಂದು ವೈದ್ಯರು ಹೇಳುತ್ತಾರೆ. ಕಾಯಿಲೆಯವರಿಗೆ ವಿನಾಯಿತಿಯನ್ನು ಕುರ್‌ಆನೇ ಕೊಟ್ಟಿದೆ, ಗುಣವಾಗುವ ಭರವಸೆಯಿಲ್ಲದವರಿಗೆ ಫಿದ್ಯಾ ಇದೆ. ಇದನ್ನು ಮಗ ಹೇಳುವುದಕ್ಕಿಂತ ಅವರು ಗೌರವಿಸುವ ಉಸ್ತಾದರು ಬಂದು ಹೇಳಿದರೆ ಮನಸ್ಸು ಒಪ್ಪುತ್ತದೆ. ಫಿದ್ಯಾದ ಅಕ್ಕಿಯನ್ನು ಅವರ ಕೈಯಿಂದಲೇ ಕೊಡಿಸಿ. ಇಫ್ತಾರಿನ ಸುಪ್ರದ ಬಳಿ ಅವರ ಜಾಗ ಹಾಗೆಯೇ ಇರಲಿ. ಹಗಲು ಅವರು ಉಣ್ಣುವಾಗ ಮಕ್ಕಳಲ್ಲೊಬ್ಬರು ಪಕ್ಕದಲ್ಲಿ ಕೂತಿದ್ದರೆ ಇನ್ನೂ ಒಳ್ಳೆಯದು.

ವುಝೂಗೆ ಬಿಸಿನೀರು ಕೊಡುವಾಗ ಮೊದಲು ನಿಮ್ಮ ಮೊಣಕೈಯಿಂದ ಬಿಸಿ ನೋಡಿ, ಅವರ ಪಾದಕ್ಕೆ ಸುಡುವುದು ಗೊತ್ತಾಗದಿರಬಹುದು. ಆಮೇಲೆ ಬೆರಳ ಸಂದುಗಳನ್ನು ಒರೆಸಿ ಒಣಗಿಸಿ. ದಿನಕ್ಕೆ ಐದು ಸಲ ಪಾದ ನೋಡುವ ಅವಕಾಶ ಹೀಗೆ ತಾನಾಗಿಯೇ ಸಿಗುತ್ತದೆ.

ಡಯಾಲಿಸಿಸ್ ಮಾತು ಬಂದಾಗ ಸೌದಿಯಲ್ಲಿರುವ ಮಗ, ಊರಿನಲ್ಲಿರುವ ಅಳಿಯ ಎಲ್ಲರೂ ಚರ್ಚಿಸುತ್ತಾರೆ, ಆದರೆ ತಾಯಿಯನ್ನು ಕೇಳುವವರು ಕಡಿಮೆ. ಸಾಮಾನ್ಯವಾಗಿ ವಾರಕ್ಕೆ ಎರಡು-ಮೂರು ಸಲ, ಒಮ್ಮೆಗೆ ನಾಲ್ಕು ಗಂಟೆ ಯಂತ್ರದ ಬಳಿ ಮಲಗಬೇಕಾದವರು ಅವರು. ತೀರಾ ನಿತ್ರಾಣರಾದ ಕೆಲವರು ಅದು ಬೇಡವೆಂದು ಔಷಧಿ, ಆರೈಕೆಯಲ್ಲೇ ಮುಂದುವರಿಯುವುದೂ ಇದೆ, ವೈದ್ಯರೊಂದಿಗೆ ಆ ದಾರಿಯನ್ನೂ ಮಾತಾಡಬಹುದು. ಖರ್ಚಿನ ಚಿಂತೆಯಿರುವ ಬಡ ಕುಟುಂಬಗಳಿಗೆ 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಡಿ ಜಿಲ್ಲಾಸ್ಪತ್ರೆಗಳಲ್ಲಿ ಉಚಿತ ಸೇವೆಯಿದೆ. ಡಯಾಲಿಸಿಸ್ ಬೇಕಾಗಬಹುದು ಎಂದು ವೈದ್ಯರು ಹೇಳಿದ ದಿನದಿಂದಲೇ ಅವರು ಹೆಚ್ಚು ಬಳಸದ ಕೈಯನ್ನು, ಸಾಮಾನ್ಯವಾಗಿ ಎಡಗೈಯನ್ನು, ಕಾಪಾಡಿಕೊಳ್ಳಿ. ಮುಂದೆ ಫಿಸ್ಟುಲಾ ಮಾಡುವುದು ಆ ಕೈಯ ರಕ್ತನಾಳದಲ್ಲೇ. ರಕ್ತ ತೆಗೆಯಲು, ಡ್ರಿಪ್ ಹಾಕಲು ಬಂದ ನರ್ಸ್‌ಗೆ ಇನ್ನೊಂದು ಕೈ ತೋರಿಸಿ.